ತಲೆ ಕೆಳಗೆ ಹೋಗ್ಲೇ ಇಲ್ಲ: ಹಿಮದ ಮೇಲಿನ ಓರೆ ತಿರುವಿನ ಕತೆ

ಭಾಗ 1

ಹೋದ ಭಾನುವಾರ ಅಕ್ಕನ ಮಗನನ್ನ ಟ್ರ್ಯಾಂಪೊಲಿನ್ ಪಾರ್ಕ್‌ಗೆ ಕರ್ಕೊಂಡು ಹೋಗಿದ್ದೆ. ದೊಡ್ಡನೆಕ್ಕುಂದಿಯಿಂದ ರಿಂಗ್ ರೋಡ್‌ಗೆ ಬಂದ್ರೆ ಯಾವ ಕಡೆ ತಿರುಗಿದ್ರೂ ಇಂಥದ್ದೊಂದು ಸಿಗುತ್ತೆ. ಒಳಗೆ ಬಿಡೋಕೆ ಮುಂಚೆ ಒಂದು ಫಾರ್ಮ್ ಕೊಟ್ರು. ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ ಅನ್ನೋದನ್ನ ಎರಡು ಪುಟದಲ್ಲಿ ಬರೆದಿದ್ರು. ಓದದೇ ಸೈನ್ ಹಾಕಿದೆ, ಎಲ್ಲರ ಹಾಗೆ. ಗೋಡೆ ಮೇಲೆ ದೊಡ್ಡ ಬೋರ್ಡ್: ಲಾಗ ಹಾಕಬಾರದು. ಪಕ್ಕದಲ್ಲಿ ತಲೆ ಕೆಳಗಾದ ಒಂದು ಗೊಂಬೆ, ಅದರ ಮೇಲೆ ಕೆಂಪು ಗೀಟು.

ಹುಡುಗನಿಗೆ ಹನ್ನೆರಡು ವರ್ಷ. ಐದಾರು ಸಲ ನೆಟ್ಟಗೆ ಎಗರಿದ. ಆಮೇಲೆ ಮೇಲಕ್ಕೆ ಹೋಗ್ತಾ ಒಂದು ಭುಜ ಇಳಿಸಿದ, ಮೈ ಇಡೀ ಓರೆ ಆಯ್ತು, ಹಾಗೆ ಓರೆಯಲ್ಲೇ ಒಂದು ಸುತ್ತು ತಿರುಗಿ ಕಾಲ ಮೇಲೆ ಬಂದು ನಿಂತ. ಸೀಟಿ ಊದಿದ್ರು.

"ಫ್ಲಿಪ್ ಮಾಡ್ಬೇಡ ಅಂದಿದ್ನಲ್ಲ ಪುಟ್ಟಾ."

"ಅಣ್ಣಾ, ಅದು ಫ್ಲಿಪ್ ಅಲ್ಲ. ತಲೆ ಕೆಳಗೆ ಹೋಗ್ಲೇ ಇಲ್ಲ. ಮಾಮನ ಫೋನಲ್ಲಿ ವಿಡಿಯೋ ಇದೆ, ನೋಡಿ ಬೇಕಾದ್ರೆ."

ಮೂರೂ ಜನ ನಿಂತು ಸ್ಲೋ ಮೋಷನ್‌ನಲ್ಲಿ ನೋಡಿದ್ವಿ. ಕಿವಿ, ಶಾಕ್ಸ್ ಎರಡೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿದ್ವು. ಅವನು ಹೇಳಿದ್ದು ನಿಜ. ಆ ಪಾಪದ ಹುಡುಗ, ಅಲ್ಲಿ ಕೆಲಸ ಮಾಡೋನು, ಬೋರ್ಡ್ ನೋಡಿದ, ನನ್ನ ಮುಖ ನೋಡಿದ, "ಸರ್, ಆದ್ರೂ ಬೇಡ" ಅಂದ.

ನನಗೆ ನಗು ಬಂತು. ಯಾಕೆ ಅಂದ್ರೆ ಇದೇ ವಾದ, ಹೆಚ್ಚುಕಮ್ಮಿ ಇದೇ ಮಾತಲ್ಲಿ, 2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಡೆದಿದೆ. ಅವತ್ತು ಸೀಟಿ ಊದಲಿಲ್ಲ. ಅಂಕ ಕೊಡಲಿಲ್ಲ, ಅಷ್ಟೇ.

ಈ ಸರಣಿಯಲ್ಲಿ ಹಿಮದ ಮಾತು ಇದೇ ಮೊದಲು. ಬೆಂಗಳೂರಲ್ಲಿ ಕೂತು ಸ್ಕೀಯಿಂಗ್ ಯಾಕಪ್ಪಾ ಅಂತ ಕೇಳಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರ ಆಡ್ತಿದ್ದಾರೆ. ಕನ್ನಡದವರಿಗೆ ಹಿಮ ಈಗ ಅಷ್ಟೇನೂ ದೂರ ಇಲ್ಲ.

ಭಾಗ 2

ಮೊದಲು ಓರೆ ಅಂದ್ರೆ ಏನು ಅನ್ನೋದು.

ಬುಗುರಿ ತಗೊಳ್ಳಿ. ಮೊಳೆ ಮೇಲೆ ನೆಟ್ಟಗೆ ನಿಂತು ಗಿರಗಿರ ತಿರುಗುತ್ತೆ. ಮನುಷ್ಯ ಎಗರಿ ಹಾಗೆ ತಿರುಗಿದ್ರೆ ಅದು ಸ್ಪಿನ್. ತಲೆಯಿಂದ ಪಾದಕ್ಕೆ ಎಳೆದ ಗೆರೆಯೇ ಅಕ್ಷ. ಇನ್ನೊಂದು, ಕೆರೆ ದಂಡೆಯಿಂದ ನೀರಿಗೆ ಹಾರೋವಾಗ ಹುಡುಗ್ರು ಹೊಡೆಯೋ ಲಾಗ. ಅಲ್ಲಿ ಅಕ್ಷ ಸೊಂಟದ ಅಡ್ಡಕ್ಕೆ ಹಾದು ಹೋಗುತ್ತೆ, ಎಡ ಪಕ್ಕೆಯಿಂದ ಬಲ ಪಕ್ಕೆಗೆ.

ಈ ಎರಡರ ನಡುವೆ ಒಂದು ಜಾಗ ಇದೆ. ಬುಗುರಿ ವಾಲಿದ ಹಾಗೆ ಮೈ ವಾಲಿಸಿಕೊಂಡು, ವಾಲಿದ ಗೆರೆಯ ಸುತ್ತಲೇ ತಿರುಗೋದು. ಪೂರ್ತಿ ಲಾಗವೂ ಅಲ್ಲ, ಬರೀ ಸುತ್ತೂ ಅಲ್ಲ. ಸ್ಕೀಯಿಂಗ್‌ನವರು ಇದನ್ನ ಆಫ್ ಆಕ್ಸಿಸ್ ಅಂತಾರೆ. ಇದರೊಳಗೆ ಹತ್ತಾರು ಹೆಸರು: ಹಿಂದಕ್ಕೆ ವಾಲಿ ತಿರುಗಿದ್ರೆ ಕಾರ್ಕ್, ಮುಂದಕ್ಕೆ ವಾಲಿದ್ರೆ ಬಯೋ, ಹಿಂದಿನ ಲಾಗದ ಜೊತೆ ಸುತ್ತು ಸೇರಿದ್ರೆ ರೋಡಿಯೋ, ಮುಂದಿನ ಲಾಗದ ಜೊತೆ ಸೇರಿದ್ರೆ ಮಿಸ್ಟಿ. ಕಾರ್ಕ್ ಅನ್ನೋದು ಬಾಟಲಿ ಬಿರಡೆ ತೆಗೆಯೋ ಆ ಸುರುಳಿ ಸ್ಕ್ರೂನಿಂದ ಬಂದ ಹೆಸರು.

ಕರಾವಳಿಯವರಿಗೆ ಇಷ್ಟು ವಿವರಣೆ ಬೇಕಾಗಿಲ್ಲ. ತೆಂಕುತಿಟ್ಟಿನ ಪುಂಡುವೇಷ ರಂಗಸ್ಥಳದಲ್ಲಿ ಧಿಗಿಣ ಹಾಕೋದನ್ನ ನೋಡಿದೀರಲ್ಲ? ಚೆಂಡೆ ಏರಿದ ಹಾಗೆ ಒಂದರ ಹಿಂದೆ ಒಂದು, ಮೈ ಓರೆ ಮಾಡಿ ಗಾಳಿಯಲ್ಲಿ ಸುತ್ತಿ ಸುತ್ತಿ ಬರ್ತಾರೆ. ಗೆಜ್ಜೆ, ಜರಿ ಬಟ್ಟೆ, ಕಿರೀಟ ಎಲ್ಲಾ ಹೊತ್ಕೊಂಡು. ಕಾರ್ಕ್ ಅನ್ನೋ ಹೆಸರು ಹುಟ್ಟೋಕೆ ಎಷ್ಟೋ ಮುಂಚೆಯಿಂದ ಅದು ನಮ್ಮಲ್ಲಿದೆ. ಅದಕ್ಕೂ ಸ್ಕೀಯಿಂಗ್‌ಗೂ ನೆಂಟಸ್ತನ ಇಲ್ಲ ಬಿಡಿ, "ಎಲ್ಲಾ ನಮ್ಮಿಂದಲೇ" ಅನ್ನೋ ಪೋಸ್ಟ್ ಇದಲ್ಲ. ಆದ್ರೆ ಒಂದು ವಿಷಯ ಎರಡಕ್ಕೂ ಒಂದೇ: ನೆಲ ಬಿಟ್ಟ ಮೇಲೆ ಯಾರೂ ಹೊಸದಾಗಿ ತಿರುಗುವ ಬಲ ಹುಟ್ಟಿಸೋಕಾಗಲ್ಲ. ಎಷ್ಟು ತಿರುಗಬೇಕೋ ಅದನ್ನ ನೆಲದಿಂದಲೇ ತಗೊಂಡು ಹೋಗಬೇಕು. ಗಾಳಿಯಲ್ಲಿ ಕೈ ಮುದುಡಿದ್ರೆ ವೇಗ ಹೆಚ್ಚುತ್ತೆ, ಚಾಚಿದ್ರೆ ಕಮ್ಮಿ ಆಗುತ್ತೆ, ಒಂದು ಕೈ ಇಳಿಸಿದ್ರೆ ಮೈ ವಾಲುತ್ತೆ. ಕೈಯಲ್ಲಿರೋದು ಅಷ್ಟೇ.

ಭಾಗ 3

ಹಿಮದ ಮೇಲೆ ಲಾಗ ಹೊಡೆದು ಹೆಸರು ಮಾಡಿದವರಲ್ಲಿ ಮೊದಲು ನೆನೆಯಬೇಕಾದವರು ನಾರ್ವೆಯ ಸ್ಟೈನ್ ಎರಿಕ್ಸನ್. 1952ರಲ್ಲಿ ತನ್ನೂರು ಓಸ್ಲೋದಲ್ಲೇ ನಡೆದ ಒಲಿಂಪಿಕ್ಸ್‌ನಲ್ಲಿ ಜೈಂಟ್ ಸ್ಲಾಲೋಮ್ ಚಿನ್ನ ಗೆದ್ದವರು. ಇವರ ಅಪ್ಪ ಮಾರಿಯುಸ್ 1912ರ ಒಲಿಂಪಿಕ್ಸ್‌ನಲ್ಲಿ ಆಡಿದ ಜಿಮ್ನಾಸ್ಟ್. ಮಗನಿಗೆ ಸ್ಕೀಯಿಂಗ್ ಜೊತೆ ಅದೂ ಬಂದಿತ್ತು. ಆಮೇಲೆ ಅಮೆರಿಕಕ್ಕೆ ಹೋಗಿ ಸ್ಕೀ ಶಾಲೆ ನಡೆಸ್ತಾ, ಜನ ಸೇರಿದಾಗ ಒಂದು ದಿಬ್ಬದಿಂದ ಹಾರಿ, ಕೈ ಚಾಚಿ, ನಿಧಾನವಾಗಿ ಒಂದು ಲಾಗ ಹಾಕಿ ಇಳೀತಿದ್ರು. ಹಳೇ ರೀಲುಗಳಲ್ಲಿ ನೋಡಿ, ಹಂಸದ ಹಾಗಿರುತ್ತೆ. ಅದರಲ್ಲಿ ಓರೆ ಏನೂ ಇಲ್ಲ. ನೆಟ್ಟಗೆ ಹೋಗಿ ನೆಟ್ಟಗೆ ಬರೋದು.

ಅದಕ್ಕೆ ತಿರುವು ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ. ಹರ್ಮನ್ ಗೋಲ್ನರ್, ಟಾಮ್ ಲೆರಾಯ್ ಥರದವರು ಲಾಗ ಹೊಡೀತಾ ನಡುವೆ ಒಂದು ಪೂರ್ತಿ ಸುತ್ತು ಹಾಕೋಕೆ ಶುರು ಮಾಡಿದ್ರು. ಅದಕ್ಕೆ ಇಟ್ಟ ಹೆಸರು ಮೋಬಿಯಸ್ ಫ್ಲಿಪ್. ಮೋಬಿಯಸ್ ಪಟ್ಟಿ ಗೊತ್ತಲ್ಲ, ಕಾಗದದ ಪಟ್ಟಿಗೆ ಅರ್ಧ ತಿರುಚು ಕೊಟ್ಟು ಅಂಟಿಸಿದ್ರೆ ಒಳಗು ಹೊರಗು ಒಂದೇ ಆಗೋದು, ಅದೇ. 1969ರಲ್ಲಿ ಅದೇ ಹೆಸರಲ್ಲಿ ಒಂದು ಸ್ಕೀ ಸಿನಿಮಾ ಕೂಡ ಬಂತು. ಗಣಿತದ ಹೆಸರಿಟ್ಟು ಗಾಳಿಗೆ ಎಗರಿದ ಆ ಕಾಲದವರ ಧೈರ್ಯ ನನಗೆ ತುಂಬಾ ಇಷ್ಟ.

1971ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಾಟರ್‌ವಿಲ್ ವ್ಯಾಲಿಯಲ್ಲಿ ಇಂಥವರಿಗೇ ಅಂತ ಮೊದಲ ದೊಡ್ಡ ಸ್ಪರ್ಧೆ ನಡೀತು. ಬಹುಮಾನ ಒಂದು ಕಾರ್ವೆಟ್ ಕಾರು. ಗೆದ್ದಿದ್ದು ಗೋಲ್ನರ್. ಆಗ ಇದಕ್ಕೆ ಫ್ರೀಸ್ಟೈಲ್ ಅನ್ನೋದಕ್ಕಿಂತ ಹಾಟ್‌ಡಾಗ್ ಅಂತ ಕರೆಯೋರೇ ಜಾಸ್ತಿ. ನಿಯಮ ಅಂತ ಹೆಚ್ಚೇನಿಲ್ಲ. ಜನ ಸೇರ್ತಿದ್ರು, ಬಿಯರ್ ಕುಡೀತಿದ್ರು, ಹುಡುಗ್ರು ಹಾರ್ತಿದ್ರು.

ಭಾಗ 4

ಬೋರ್ಡ್ ಬಂದಿದ್ದು ಇಲ್ಲಿಂದ.

ಎಪ್ಪತ್ತರ ದಶಕದಲ್ಲಿ ಲಾಗ ಹೊಡೆಯೋಕೆ ಹೋಗಿ ಕತ್ತು, ಬೆನ್ನುಮೂಳೆ ಮುರ್ಕೊಂಡು ಜೀವನ ಪೂರ್ತಿ ಗಾಲಿ ಕುರ್ಚಿಗೆ ಬಿದ್ದವರಿದ್ದಾರೆ. ಇದು ತಮಾಷೆ ಅಲ್ಲ. ತಲೆ ಮೊದಲು ನೆಲಕ್ಕೆ ತಾಗಿದ್ರೆ ಏನಾಗುತ್ತೆ ಅಂತ ಮರದಿಂದ ಬಿದ್ದವರನ್ನ ನೋಡಿದ ಯಾವ ಊರಿನವರಿಗೂ ಗೊತ್ತು. ಕೇಸುಗಳು ಬಿದ್ವು.

ಸ್ಕೀ ಬೆಟ್ಟದ ಮಾಲೀಕರಿಗೆ ನಿಜವಾದ ನಡುಕ ಹುಟ್ಟಿಸಿದ ತೀರ್ಪಿಗೂ ಲಾಗಕ್ಕೂ ಸಂಬಂಧವೇ ಇಲ್ಲ ಅನ್ನೋದು ಇದರಲ್ಲಿರೋ ವಿಚಿತ್ರ. ವರ್ಮಾಂಟ್‌ನ ಸ್ಟ್ರಾಟನ್‌ನಲ್ಲಿ ಹೊಸದಾಗಿ ಕಲೀತಿದ್ದ ಒಬ್ಬ ಯುವಕ, ಸುಲಭದ ದಾರಿಯಲ್ಲಿ, ಹಿಮದಡಿ ಅಡಗಿದ್ದ ಗಿಡದ ಕೊಂಬೆಗೆ ಸಿಕ್ಕಿ ಬಿದ್ದ. ಕೈಕಾಲು ಸ್ವಾಧೀನ ತಪ್ಪಿತು. 1977ರಲ್ಲಿ ಜ್ಯೂರಿ ಅವನಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತು. ಅಲ್ಲಿಯವರೆಗೆ "ಬೆಟ್ಟಕ್ಕೆ ಬಂದವನು ಅಪಾಯ ಒಪ್ಕೊಂಡೇ ಬಂದಿರ್ತಾನೆ" ಅನ್ನೋದೇ ಕೋರ್ಟುಗಳ ವಾಡಿಕೆ. ಆ ನಂಬಿಕೆ ಅಲ್ಲಾಡಿತು. ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ಏರಿಸಿದ್ವು. ಬಿದ್ದ ಗಿಡದ ಕೊಂಬೆಗೆ ಬೋರ್ಡ್ ಹಾಕೋಕಾಗಲ್ಲ. ತಲೆ ಕೆಳಗಾಗೋದಕ್ಕೆ ಹಾಕಬಹುದು. ಅಮೆರಿಕದ ಸ್ಕೀ ಬೆಟ್ಟಗಳಲ್ಲಿ ಒಂದಾದ ಮೇಲೊಂದು ಲಾಗ ನಿಷೇಧ ಆಯ್ತು.

1979ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ, ಅಂದ್ರೆ ಎಫ್‌ಐಎಸ್, ಫ್ರೀಸ್ಟೈಲನ್ನ ಒಂದು ಆಟ ಅಂತ ಒಪ್ಪಿಕೊಂಡಾಗ ಆಟವನ್ನ ಕೋಣೆ ಕೋಣೆಯಾಗಿ ಹಂಚಿತು. ಒಂದು ಕೋಣೆ ಏರಿಯಲ್ಸ್. ಇಲ್ಲಿ ಲಾಗ ಹೊಡೀಬಹುದು, ಆದ್ರೆ ಮೊದಲು ನೀರಿನ ಕೊಳಕ್ಕೆ ಹಾರಿ ಹಾರಿ ಕಲಿತಿರಬೇಕು, ಗಾಳಿಯಲ್ಲಿ ಕಾಲು ಜೋಡಿಸಿರಬೇಕು, ಮೈ ಕೋಲಿನ ಹಾಗಿರಬೇಕು. ಜಿಮ್ನಾಸ್ಟಿಕ್ಸ್ ಶಿಸ್ತು. ಇನ್ನೊಂದು ಕೋಣೆ ಮೊಗಲ್ಸ್, ಅಂದ್ರೆ ಗುಡ್ಡೆ ಗುಡ್ಡೆ ಹಿಮದ ಇಳಿಜಾರಲ್ಲಿ ಜಿಂಕೆ ಹಾಗೆ ಇಳೀತಾ ನಡುವೆ ಎರಡು ಕಡೆ ಹಾರೋದು. ಇಲ್ಲಿ ಕಾಲು ಅಗಲಿಸಬಹುದು, ನೆಟ್ಟಗೆ ಒಂದು ಸುತ್ತು ಹಾಕಬಹುದು, ಆದ್ರೆ ತಲೆ ಕೆಳಗಾಗಬಾರದು. ಪಾದ ತಲೆಗಿಂತ ಮೇಲೆ ಹೋದ್ರೆ ಆಟ ಮುಗೀತು. ಮೂರನೇದು ಬ್ಯಾಲೆ, ಅದು ಈಗಿಲ್ಲ, ಬಿಡಿ.

1992ರಲ್ಲಿ ಮೊಗಲ್ಸ್, 1994ರಲ್ಲಿ ಏರಿಯಲ್ಸ್ ಒಲಿಂಪಿಕ್ಸ್ ಪದಕದ ಆಟಗಳಾದ್ವು. ಓರೆ ತಿರುಗುವವನಿಗೆ ಮಾತ್ರ ಎರಡೂ ಕೋಣೆಯಲ್ಲಿ ಜಾಗ ಇಲ್ಲ. ಏರಿಯಲ್ಸ್‌ನವರಿಗೆ ಅದು ಕೆಟ್ಟ ಶೈಲಿ, ಮೊಗಲ್ಸ್‌ನವರಿಗೆ ಅನುಮಾನದ ಕೇಸು.

ಭಾಗ 5

ಹಾಗಾದ್ರೆ ಅದು ಬಂದಿದ್ದೆಲ್ಲಿಂದ? ಹಿಮದಿಂದ ಅಲ್ಲ. ಹಲಗೆಗೆ ನಾಲ್ಕು ಚಕ್ರ ಹಾಕಿದವರಿಂದ.

1984ರ ಬೇಸಿಗೆ, ಸ್ವೀಡನ್‌ನ ಒಂದು ಸ್ಕೇಟ್ ಕ್ಯಾಂಪ್. ಅಮೆರಿಕದ ಮೈಕ್ ಮೆಕ್‌ಗಿಲ್ ಅನ್ನೋ ಹುಡುಗ ರಾಂಪ್‌ನಿಂದ ಮೇಲೆದ್ದು, ಓರೆಯಾಗಿ ಮಗುಚಿ, ಒಂದೂವರೆ ಸುತ್ತು ಹಾಕಿ ಮತ್ತೆ ಅದೇ ರಾಂಪ್‌ಗೆ ಇಳಿದ. ಅದಕ್ಕೆ ಮೆಕ್‌ಟ್ವಿಸ್ಟ್ ಅಂತ ಹೆಸರಾಯ್ತು. ಸ್ಕೇಟ್ ರಾಂಪ್‌ನಲ್ಲಿ ಓರೆ ಅನ್ನೋದು ಷೋಕಿ ಅಲ್ಲ, ಅನಿವಾರ್ಯ. ಗೋಡೆ ನೆಟ್ಟಗಿರುತ್ತೆ, ಅದರ ಮೇಲಿಂದ ಹೊರಡೋವಾಗ ನಿನ್ನ ಮೈ ಆಗಲೇ ನೆಲಕ್ಕೆ ಅಡ್ಡವಾಗಿರುತ್ತೆ. ಅಲ್ಲಿಂದ ತಿರುಗಿದ್ರೆ ವಾಲಿಯೇ ತಿರುಗಬೇಕು. ಜೊತೆಗೆ ಅಲ್ಲಿ ಎಫ್‌ಐಎಸ್ ಇಲ್ಲ, ಪಾದ ಎಲ್ಲಿದೆ ಅಂತ ಅಳೆಯೋರಿಲ್ಲ.

ಸ್ಕೇಟ್‌ನಿಂದ ಸ್ನೋಬೋರ್ಡ್‌ಗೆ ಇದು ಹರಿದು ಹೋಯ್ತು, ಎರಡೂ ಆಡೋರು ಹೆಚ್ಚುಕಮ್ಮಿ ಅದೇ ಹುಡುಗ್ರು. (ನಮ್ಮೂರಲ್ಲಿ ಸ್ಕೇಟ್ ಅಂದ್ರೆ ಹೋಲಿಸ್ಟೋಕ್ಡ್‌ನವರನ್ನ ನೆನೀಬೇಕು. ಸರ್ಜಾಪುರ ರಸ್ತೆ ಕಡೆ ಪ್ಲೇ ಅರೀನಾದಲ್ಲಿ 2013ರಲ್ಲಿ ತಾವೇ ಕಾಂಕ್ರೀಟ್ ಕಲೆಸಿ ಪಾರ್ಕ್ ಕಟ್ಟಿದ್ರು. ಅವರ ಕತೆ ಬೇರೆಯೇ ಒಂದು ಸರಣಿ ಆಗುತ್ತೆ.)

ತೊಂಬತ್ತರ ದಶಕದ ನಡುವಿಗೆ ಬನ್ನಿ. ಕೆನಡಾದ ವಿಸ್ಲರ್, ಬ್ಲ್ಯಾಕ್‌ಕೋಂಬ್ ಹಿಮನದಿ, ಬೇಸಿಗೆ ಶಿಬಿರ. ಒಂದು ಕಡೆ ಮೊಗಲ್ಸ್ ಹುಡುಗ್ರು ನಿಯಮದ ಪ್ರಕಾರ ಕಾಲು ಅಗಲಿಸಿ ಜೋಡಿಸಿ ಅಭ್ಯಾಸ ಮಾಡ್ತಿದ್ದಾರೆ. ಪಕ್ಕದಲ್ಲೇ ಸ್ನೋಬೋರ್ಡ್ ಪಾರ್ಕ್. ಅಲ್ಲಿ ಹಾಡು ಜೋರಾಗಿದೆ, ಜನ ಓರೆಓರೆಯಾಗಿ ಹಾರ್ತಿದ್ದಾರೆ. ಯಾವ ಹದಿಹರೆಯದವನಿಗೆ ಆ ಕಡೆ ಕಣ್ಣು ಹೋಗಲ್ಲ ಹೇಳಿ. ಕೋಚ್ ಮೈಕ್ ಡಗ್ಲಸ್, ಜೆ.ಪಿ. ಆಕ್ಲೇರ್, ಜೆ.ಎಫ್. ಕುಸ್ಸೋನ್, ವಿನ್ಸೆಂಟ್ ಡೊರಿಯೋನ್, ಶೇನ್ ಸಾಕ್ಸ್, ಇವರೆಲ್ಲ ಮೆಲ್ಲಗೆ ಬೇಲಿ ದಾಟಿದ್ರು. ಮುಂದೆ ಇವರಿಗೆ ನ್ಯೂ ಕೆನಡಿಯನ್ ಏರ್‌ಫೋರ್ಸ್ ಅಂತ ಹೆಸರು ಬಿತ್ತು.

ತೊಂದರೆ ಕಾಲಲ್ಲಿತ್ತು. ಆಗಿನ ಮೊಗಲ್ಸ್ ಸ್ಕೀಗೆ ಮೂತಿ ಮಾತ್ರ ಮೇಲಕ್ಕೆ ಬಾಗಿರ್ತಿತ್ತು, ಬಾಲ ಚಪ್ಪಟೆ. ಒಂದೂವರೆ ಸುತ್ತು ಹಾಕಿದ್ರೆ ಹಿಮ್ಮುಖವಾಗಿ ಇಳೀಬೇಕು, ಬಾಲ ಹಿಮಕ್ಕೆ ಚುಚ್ಕೊಂಡು ನೀನು ಪಲ್ಟಿ. ಹಾಗಾಗಿ ಎರಡೂ ತುದಿ ಬಾಗಿದ ಸ್ಕೀ ಬೇಕು ಅಂತ ಡಗ್ಲಸ್ ಮತ್ತು ಜೊತೆಯವರು ಒಂದು ಯೋಜನೆ ಬರೆದು, ವಿಡಿಯೋ ಮಾಡಿ ಕಂಪನಿ ಕಂಪನಿಗೆ ಕಳಿಸಿದ್ರು. ಎಲ್ಲರೂ ಬೇಡ ಅಂದ್ರು. ಫ್ರಾನ್ಸ್‌ನ ಸಾಲೊಮನ್ ಮಾತ್ರ ಹೂಂ ಅಂತು. 1998ರಲ್ಲಿ ಟೆನ್‌ಏಟಿ ಅನ್ನೋ ಸ್ಕೀ ಮಾರುಕಟ್ಟೆಗೆ ಬಂತು. ಹತ್ತು ಎಂಬತ್ತು, 1080 ಡಿಗ್ರಿ, ಅಂದ್ರೆ ಮೂರು ಪೂರ್ತಿ ಸುತ್ತು. ಎರಡು ತುದಿ ಬಾಗಿದ ಸ್ಕೀ ಅದಕ್ಕೂ ಮುಂಚೆ ಇರಲಿಲ್ಲ ಅಂತಲ್ಲ. 1974ರ ಓಲಿನ್ ಕಂಪನಿಯ ಬ್ಯಾಲೆ ಸ್ಕೀ ಇತ್ತು, 1995ರಿಂದ ಜೇಸನ್ ಲೆವಿಂಥಾಲ್ ಅವರ ಲೈನ್ ಕಂಪನಿ ಇತ್ತು. ಆದ್ರೆ ದೊಡ್ಡ ಕಂಪನಿಯೊಂದು ಕೈ ಹಾಕಿದ್ದೇ ಬೇರೆ ಮಾತು. ಮರುವರ್ಷ, 1999ರಲ್ಲಿ, ಎಕ್ಸ್ ಗೇಮ್ಸ್‌ನಲ್ಲಿ ಸ್ಕೀ ಬಿಗ್ ಏರ್ ಶುರುವಾಯ್ತು. ಗೆದ್ದವನು ಕುಸ್ಸೋನ್.

ಸ್ಕೀ ಮೇಲೆ ಓರೆ ತಿರುವನ್ನ ಕಂಡುಹಿಡಿದವರು ಯಾರು ಅಂತ ಡಿಎಂನಲ್ಲಿ ಕೇಳ್ತೀರಿ ಅಂತ ಗೊತ್ತು. ಒಬ್ಬರ ಹೆಸರಿಗೆ ಬರೀಬಾರದು ಅಂತಲೇ ನನ್ನ ಅಭಿಪ್ರಾಯ. ಗೋಲಿ ಆಟದ ಹೊಡೆತ ಕಂಡುಹಿಡಿದವರು ಯಾರು ಅಂತ ಕೇಳಿದ ಹಾಗಾಗುತ್ತೆ. ಒಂದು ದಿಬ್ಬ, ಹತ್ತು ಹುಡುಗ್ರು, ಒಬ್ಬ ಅರ್ಧ ಮಾಡಿದ್ದನ್ನ ಇನ್ನೊಬ್ಬ ಪೂರ್ತಿ ಮಾಡ್ತಾನೆ.

ಭಾಗ 6

ಈಗ ಆ 2002ರ ಕತೆ.

ಜಾನಿ ಮೋಸ್ಲಿ. ಪೋರ್ಟೊ ರಿಕೊದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವನು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಮೊಗಲ್ಸ್ ಚಿನ್ನ ಗೆದ್ದ. ಅವತ್ತು ನೆಟ್ಟಗೆ ಒಂದು ಸುತ್ತು ಹಾಕ್ತಾ ಕೈಯಲ್ಲಿ ಸ್ಕೀ ಹಿಡ್ಕೊಂಡಿದ್ದ. ಹಾಗೆ ಹಿಡಿಯೋದೂ ಸ್ಕೇಟ್, ಸ್ನೋಬೋರ್ಡ್‌ನಿಂದ ತಂದಿದ್ದೇ. ನಾಲ್ಕು ವರ್ಷ ಬಿಟ್ಟು ಸಾಲ್ಟ್ ಲೇಕ್‌ಗೆ ಬರೋವಾಗ ಅವನ ಹತ್ರ ಬೇರೆ ಸರಕಿತ್ತು. ಓರೆಯಾಗಿ, ಹೆಚ್ಚುಕಮ್ಮಿ ನೆಲಕ್ಕೆ ಅಡ್ಡವಾಗಿ ಮಲಗಿದ ಹಾಗೆ, ಎರಡು ಸುತ್ತು. ಹೆಸರು ಡಿನ್ನರ್ ರೋಲ್, ಊಟದ ಜೊತೆ ಕೊಡೋ ಬನ್ನು.

ಇದು ಲಾಗ ಹೌದಾ ಅಲ್ವಾ? ನಿಯಮ ಕೇಳೋದು ಒಂದೇ ಪ್ರಶ್ನೆ: ಪಾದ ತಲೆಗಿಂತ ಮೇಲೆ ಹೋಯ್ತಾ? ವಿಡಿಯೋ ನೋಡಿದ್ರೆ ಹೋಗಿಲ್ಲ. ಹಾಗಾಗಿ ಒಪ್ಪಿಕೊಂಡ್ರು. ಅಕ್ಕನ ಮಗ ಮೊಬೈಲ್ ತೋರಿಸಿದ ಹಾಗೇ.

ಆದ್ರೆ ಒಪ್ಪೋದು ಬೇರೆ, ಬೆಲೆ ಕೊಡೋದು ಬೇರೆ. ಆಗಿನ ಮೊಗಲ್ಸ್ ಲೆಕ್ಕ ಹೀಗಿತ್ತು: ಅರ್ಧ ಅಂಕ ತಿರುವುಗಳಿಗೆ, ಕಾಲು ಭಾಗ ವೇಗಕ್ಕೆ, ಉಳಿದ ಕಾಲು ಭಾಗ ಹಾರೋದಕ್ಕೆ. ಹೊಸ ತಿರುವಿಗೆ ಅದರ ಕಷ್ಟಕ್ಕೆ ತಕ್ಕ ಅಂಕ ಪಟ್ಟಿಯಲ್ಲಿ ಇರಲಿಲ್ಲ. ಹಳೇ ನಾಲ್ಕು ಕಸರತ್ತು ನೀಟಾಗಿ ಮಾಡಿದವನಿಗೂ ಇವನಿಗೂ ದೊಡ್ಡ ವ್ಯತ್ಯಾಸ ಬರ್ತಿರಲಿಲ್ಲ. ಇದು ಮೋಸ್ಲಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಹಾಕಿದ. ಡೀರ್ ವ್ಯಾಲಿಯಲ್ಲಿ ಜನ ಕುಣಿದಾಡಿದ್ರು. ಬೋರ್ಡ್ ಮೇಲೆ ಅಂಕ ಬಂತು: ನಾಲ್ಕನೇ ಸ್ಥಾನ. ಚಿನ್ನ ಫಿನ್ಲೆಂಡ್‌ನ ಯಾನ್ನೆ ಲಾಹ್ಟೆಲಾಗೆ, ಬೆಳ್ಳಿ ಅಮೆರಿಕದ ಟ್ರಾವಿಸ್ ಮೇಯರ್‌ಗೆ, ಕಂಚು ಫ್ರಾನ್ಸ್‌ನ ರಿಶಾರ್ ಗೇಗೆ.

ತೀರ್ಪುಗಾರರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವರ ಕೈಯಲ್ಲಿದ್ದ ಪಟ್ಟಿ ಅದು, ಅದರ ಪ್ರಕಾರ ಕೊಟ್ರು. ಲಾಹ್ಟೆಲಾ ಗೆದ್ದಿದ್ದೂ ನ್ಯಾಯವಾಗಿಯೇ. ಆದ್ರೆ ಪಟ್ಟಿ ತಪ್ಪಿತ್ತು. ಪಾದ ಎಲ್ಲಿದೆ ಅಂತ ಕೇಳೋ ನಿಯಮ ಇಪ್ಪತ್ತೈದು ವರ್ಷ ಹಿಂದಿನ ಕೋರ್ಟ್ ಭಯಕ್ಕೆ ಬರೆದಿದ್ದು. ಹಿಮದ ಮೇಲೆ ಆಗ್ತಿರೋದನ್ನ ನೋಡಿ ಬರೆದಿದ್ದಲ್ಲ. ಅದು ಎಫ್‌ಐಎಸ್‌ಗೂ ಗೊತ್ತಾಯ್ತು. 2003ರ ಹೊತ್ತಿಗೆ ಮೊಗಲ್ಸ್‌ನಲ್ಲಿ ತಲೆ ಕೆಳಗಾಗೋ ಕಸರತ್ತುಗಳಿಗೂ ಬಾಗಿಲು ತೆರೆದ್ರು. ಇವತ್ತು ಕಾರ್ಕ್ 720, ಕಾರ್ಕ್ 1080 ಇಲ್ಲದೆ ಮೊಗಲ್ಸ್ ಫೈನಲ್ ನೋಡೋಕೇ ಸಿಗಲ್ಲ.

ಭಾಗ 7

ಇದನ್ನ ಬರೀದೇ ಬಿಟ್ರೆ ಕತೆ ಅರ್ಧ ಸುಳ್ಳಾಗುತ್ತೆ.

ಕೆನಡಾದ ಸಾರಾ ಬರ್ಕ್. ಸ್ಪರ್ಧೆಯಲ್ಲಿ 1080 ಹಾಕಿ ಇಳಿದ ಮೊದಲ ಹೆಣ್ಣುಮಗಳು. ಹೆಂಗಸರಿಗೂ ಹಾಫ್‌ಪೈಪ್ ಸ್ಪರ್ಧೆ ಬೇಕು, ಅದು ಒಲಿಂಪಿಕ್ಸ್‌ಗೆ ಸೇರಬೇಕು ಅಂತ ವರ್ಷಗಟ್ಟಲೆ ಓಡಾಡಿದವಳು. 2011ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿತು, 2014ರ ಸೋಚಿಯಿಂದ ಸ್ಕೀ ಹಾಫ್‌ಪೈಪ್ ಇರುತ್ತೆ ಅಂತು. 2012ರ ಜನವರಿ 10, ಯೂಟಾದ ಪಾರ್ಕ್ ಸಿಟಿಯಲ್ಲಿ ಅಭ್ಯಾಸ. ಅವಳು ಎಷ್ಟೋ ಸಲ ಮಾಡಿದ್ದ 540, ಒಂದೂವರೆ ಸುತ್ತು. ಕಾಲ ಮೇಲೆ ಇಳಿದಳು, ಆಮೇಲೆ ಮಗುಚಿ ಬಿದ್ದಳು. ಕತ್ತಿನ ರಕ್ತನಾಳ ಹರೀತು. ಒಂಬತ್ತು ದಿನಕ್ಕೆ ಹೋಗಿಬಿಟ್ಟಳು. 29 ವರ್ಷ. ಸೋಚಿಯಲ್ಲಿ ಅವಳಿಲ್ಲದೆ ಆ ಸ್ಪರ್ಧೆ ನಡೀತು.

ಅದಾಗಿ ಎಂಟು ವರ್ಷಕ್ಕೆ, 2022ರ ಫೆಬ್ರವರಿ 8ರಂದು, ಬೀಜಿಂಗ್‌ನಲ್ಲಿ ಬಿಗ್ ಏರ್ ಕೊನೇ ಸರದಿ. ಚೀನಾ ಪರ ಆಡ್ತಿದ್ದ ಐಲೀನ್ ಗು ಅಲ್ಲಿವರೆಗೆ ತಾನು ಯಾವತ್ತೂ ಇಳಿಸಿರದ ಡಬಲ್ ಕಾರ್ಕ್ 1620 ಹಾಕಿದಳು. ನಾಲ್ಕೂವರೆ ಸುತ್ತು, ಎರಡು ಸಲ ಓರೆ. ಚಿನ್ನ. ವಯಸ್ಸು ಹದಿನೆಂಟು. ಟಿವಿಯಲ್ಲಿ ಅದನ್ನ ನೋಡಿ ನಾನು ಚಪ್ಪಾಳೆ ಹೊಡೆದೆ. ಅವಳ ಅಮ್ಮನ ಜಾಗದಲ್ಲಿದ್ದಿದ್ರೆ ಕಣ್ಣು ಮುಚ್ಕೋತಿದ್ದೆ.

ಭಾಗ 8

ಮನೆಗೆ ಬರ್ತಾ ಆಟೋದಲ್ಲಿ ಹುಡುಗನಿಗೆ ಈ ಕತೆ ಪೂರ್ತಿ ಹೇಳಿದೆ. ಮೋಸ್ಲಿ ಭಾಗ ಬಂದಾಗ "ನೋಡ್ದಾ!" ಅಂದ. ಸಾರಾ ಬರ್ಕ್ ಭಾಗ ಬಂದಾಗ ಏನೂ ಅನ್ನಲಿಲ್ಲ. ದೊಡ್ಡನೆಕ್ಕುಂದಿ ಕೆರೆ ಹತ್ರ ಸಿಗ್ನಲ್‌ನಲ್ಲಿ ನಿಂತಾಗ ಕೇಳಿದ:

"ಮಾಮ, ಅವಳೂ ಫಾರ್ಮ್‌ಗೆ ಸೈನ್ ಹಾಕಿದ್ಲಾ?"

ಹಾಕಿರ್ತಾಳೆ ಕಣೋ, ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಇವತ್ತು ನಾನು ಸೈನ್ ಹಾಕಿದ ಫಾರ್ಮ್‌ನಲ್ಲಿ ಏನಿತ್ತು ಅಂತ ಕೇಳಿದ. ಫೋಟೋ ತೆಗೆದಿದ್ದೆ. ಎರಡು ಪುಟವನ್ನೂ ಅವನೇ ಜೋರಾಗಿ ಓದಿದ, ನಡುನಡುವೆ ಗೊತ್ತಾಗದ ಪದಕ್ಕೆ ಅರ್ಥ ಕೇಳ್ತಾ. ಆಟೋದವರೂ ಕೇಳಿಸ್ಕೊಂಡ್ರು.

ಮುಂದಿನ ವಾರ ಅಕ್ಕನನ್ನೂ ಕರ್ಕೊಂಡು ಹೋಗ್ತೀವಿ. ಅಲ್ಲೊಂದು ಕಡೆ ಸ್ಪಂಜ್ ತುಂಡು ತುಂಬಿದ ಗುಂಡಿ ಇದೆಯಂತೆ, ಅದಕ್ಕೆ ಬೇರೆ ಟಿಕೆಟ್, ಕೋಚ್ ಇರ್ತಾರೆ, ಅಲ್ಲಿ ಲಾಗ ಹೊಡೀಬಹುದಂತೆ.

ನಿಮ್ಮಲ್ಲಿ ಧಿಗಿಣ ಕಲಿತವರು ಯಾರಾದ್ರೂ ಇದ್ರೆ ಕಮೆಂಟ್‌ನಲ್ಲಿ ಹೇಳಿ: ಮೊದಲ ದಿನ ಗುರುಗಳು ಯಾವ ಕಾಲಿಂದ ಶುರು ಮಾಡಿಸಿದ್ರು? ಬೀಳೋದನ್ನ ಹೇಗೆ ಕಲಿಸಿದ್ರು?

#ಓರೆತಿರುವು #ಆಟದಇತಿಹಾಸ #ದೊಡ್ಡನೆಕ್ಕುಂದಿ #ಕನ್ನಡದಲ್ಲಿ